ಇಳಿಜಾರಿನ ಲೆಕ್ಕ

ಸಂಡೂರಿನ ಗುಡ್ಡಗಳಲ್ಲಿ ಅದಿರು ಮೇಲಿದೆ, ರೈಲು ಸೈಡಿಂಗ್ ಕೆಳಗಿದೆ. ಗಾಡಿ ಖಾಲಿ ಹತ್ತುತ್ತದೆ, ತುಂಬಿಕೊಂಡು ಇಳಿಯುತ್ತದೆ. ಡೀಸೆಲ್ ಟಿಪ್ಪರ್ ಕಾಲದಲ್ಲಿ ಇಳಿಯುವ ತೂಕವೆಂದರೆ ವರ್ಕ್‌ಶಾಪಿನವರಾದ ನಮಗೆ ಎದೆಬಡಿತವೇ ಆಗಿತ್ತು. ಕಾದ ಡ್ರಮ್ಮು, ಸುಟ್ಟ ಲೈನಿಂಗ್ ವಾಸನೆ, ಗೇರ್ ಬಿಡದೆ ಇಳಿಯಿರಿ ಎಂದು ದಿನಾ ಹೇಳಬೇಕಾದ ಮಾತು. ದೊಡ್ಡ ಡೀಸೆಲ್-ಎಲೆಕ್ಟ್ರಿಕ್ ಡಂಪರ್‌ಗಳಲ್ಲಿ ಇಳಿಜಾರು ಬಂದಾಗ ಚಕ್ರದ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿಯುತ್ತದೆ. ಹಾಗೆ ಹುಟ್ಟಿದ ಕರೆಂಟನ್ನು ಇಡಲು ಜಾಗವಿಲ್ಲದೆ ರೆಸಿಸ್ಟರ್ ಗ್ರಿಡ್‌ನಲ್ಲಿ ಕಾಯಿಸಿ, ಬ್ಲೋವರ್‌ನಿಂದ ಹೊರಗೆ ಊದುತ್ತಾರೆ. ಬ್ಯಾಟರಿ ಗಾಡಿಯಲ್ಲಿ ಆ ಜಾಗ ಇದೆ.

ನಮ್ಮ ಗಣಿಗೆ ಬ್ಯಾಟರಿ ಟಿಪ್ಪರ್ ಬಂದಾಗ ಎಲ್ಲರ ಬಾಯಲ್ಲೂ ಸ್ವಿಟ್ಜರ್ಲೆಂಡಿನ ಇ-ಡಂಪರ್ ಮಾತು. ಬೀಲ್ ಪಟ್ಟಣದ ಹತ್ತಿರ ಸಿಮೆಂಟ್ ಕಾರ್ಖಾನೆಯೊಂದರ ಕಲ್ಲುಗಣಿಗಾಗಿ ಕೊಮಾತ್ಸು ಡಂಪರ್‌ನ ಡೀಸೆಲ್ ಎಂಜಿನ್ ತೆಗೆದು, ಸುಮಾರು 600 ಯೂನಿಟ್‌ನ ಬ್ಯಾಟರಿ ಕೂರಿಸಿದ ಗಾಡಿ ಅದು. ಖಾಲಿ ತೂಕ 45 ಟನ್, ಹೊರುವುದು 65 ಟನ್. ಇಳಿಯುವಾಗ ಹುಟ್ಟುವ ಕರೆಂಟು ಹತ್ತಲು ಸಾಕಾಗಿ, ಮೇಲಿಷ್ಟು ಉಳಿಯುತ್ತದೆ ಎಂಬುದು ಅದರ ಖ್ಯಾತಿ. ಹಾಗಿದ್ದರೆ ನಮ್ಮದಕ್ಕೂ ಚಾರ್ಜರ್ ಬೇಕಿಲ್ಲವಲ್ಲ ಎಂದು ಆಫೀಸಿನಲ್ಲಿ ಕೇಳಿದರು. ಉತ್ತರ ಹುಡುಕಲು ಕಾಗದ ಪೆನ್ನು ಹಿಡಿದು ಕೂತೆ.

ಒಂದು ಟನ್ ತೂಕ 100 ಮೀಟರ್ ಇಳಿದರೆ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ತುಂಬಿದ ಟಿಪ್ಪರ್ 55 ಟನ್, ಇಳಿತ 200 ಮೀಟರ್ ಎಂದುಕೊಳ್ಳಿ: 30 ಯೂನಿಟ್. ಖಾಲಿ ಗಾಡಿ 22 ಟನ್; ಅದು ಹತ್ತಲು ಬೇಕಾದ್ದು 12. ಇಷ್ಟೇ ನೋಡಿದರೆ ಲಾಭವೋ ಲಾಭ. ಆದರೆ ನಮ್ಮ ಹಾಲ್ ರೋಡ್ 16ಕ್ಕೆ 1ರ ಇಳಿಜಾರು. 200 ಮೀಟರ್ ಇಳಿಯಲು 3.2 ಕಿಲೋಮೀಟರ್ ಓಡಬೇಕು, ಅಷ್ಟುದ್ದಕ್ಕೂ ನೆಲ ಟೈರನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಗಟ್ಟಿಯಾಗಿ ಕೂತ ರಸ್ತೆಯಲ್ಲಿ ಈ ಎಳೆತ ತೂಕದ ಶೇಕಡ 2ರಷ್ಟು. ಹಾಗಿದ್ದರೂ ಇಳಿಯುವಾಗಲೇ 10 ಯೂನಿಟ್ ನೆಲದ ಪಾಲು. ಮೋಟಾರು, ಇನ್ವರ್ಟರ್, ಬ್ಯಾಟರಿಗಳು ಐದರಲ್ಲೊಂದು ಪಾಲು ತಿಂದರೆ ಕೈಗೆ ಸಿಗುವುದು 16. ನೆಲದ ಎಳೆತವೂ ನಷ್ಟವೂ ಸೇರಿ ಹತ್ತುವಾಗ ಬೇಕಾಗುವುದು 18, 19. ಅಂದರೆ ಒಳ್ಳೆಯ ರಸ್ತೆಯಲ್ಲಿ ನಾವು ಹೆಚ್ಚುಕಡಿಮೆ ಸರಿಸಮ. ಸ್ವಿಟ್ಜರ್ಲೆಂಡಿನ ಆ ರಸ್ತೆ ಶೇಕಡ 13ರಷ್ಟು ಕಡಿದು. ಅದೇ ಎತ್ತರಕ್ಕೆ ದಾರಿ ಅರ್ಧ, ನೆಲಕ್ಕೆ ಹೋಗುವ ಪಾಲೂ ಅರ್ಧ.

ಇನ್ನು ಮಳೆಗಾಲದ ಲೆಕ್ಕ. ಕೆಮ್ಮಣ್ಣು ನೆನೆದು ಟೈರು ಹೂತರೆ ಎಳೆತ ಶೇಕಡ 4 ದಾಟುತ್ತದೆ. ಆಗ ಇಳಿಯುವಾಗ ಸಿಗುವುದು 9 ಯೂನಿಟ್ಟೂ ಇಲ್ಲ, ಹತ್ತಲು ಬೇಕಾಗುವುದು 23. ಅದೇ ಗಾಡಿ, ಅದೇ ಗುಡ್ಡ, ಅದೇ ಅದಿರು. ಡ್ಯಾಶ್‌ಬೋರ್ಡಿನ ಅಂಕಿಗಳನ್ನು ರಸ್ತೆ ರಿಜಿಸ್ಟರಿನ ಪಕ್ಕ ಇಟ್ಟು ನೋಡತೊಡಗಿದ ಮೇಲೆ, ಗ್ರೇಡರ್ ಓಡಿದ ಮರುದಿನ ಯಾವುದು, ನೀರಿನ ಟ್ಯಾಂಕರ್ ಮಿತಿಮೀರಿ ಸುರಿದ ದಿನ ಯಾವುದು ಎಂದು ಬ್ಯಾಟರಿಯಿಂದಲೇ ಹೇಳಬಲ್ಲೆ. ಗಣಿಯಲ್ಲಿ ಗ್ರೇಡರ್ ಆಪರೇಟರನ್ನು ಯಾರೂ ಹೆಸರು ಹಿಡಿದು ಹೊಗಳುವುದಿಲ್ಲ. ಕರೆಂಟ್ ಉಳಿಸುವವರ ಪಟ್ಟಿ ಮಾಡಿದರೆ ಮೊದಲ ಹೆಸರು ಅವರದೇ ಆಗಬೇಕೆಂದು ನಾನು ಮನಸಾರೆ ನಂಬುತ್ತೇನೆ.

ಇನ್ನೊಂದು ಪಾಠ ಕಲಿಸಿದವರು ಡ್ರೈವರ್‌ಗಳು. ಒಂದು ಬೆಳಿಗ್ಗೆ ಹಿರಿಯ ಡ್ರೈವರ್ ಒಬ್ಬರು ಬಂದು, “ಸಾರ್, ಮೊದಲ ಟ್ರಿಪ್ಪಿನಾಗ ಗಾಡಿ ಹಿಡಿಯೋದೇ ಇಲ್ರಿ, ಆಮೇಲೆ ಚಲೋ ಹಿಡಿತೈತಿ” ಎಂದರು. ಗಾಡಿ ರಾತ್ರಿ ಗುಡ್ಡದ ಮೇಲೆಯೇ ಪೂರ್ತಿ ಚಾರ್ಜ್ ಆಗುತ್ತಿತ್ತು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ. ಬ್ಯಾಟರಿ ಒಲ್ಲೆನೆಂದ ಕರೆಂಟಿನಷ್ಟು ಬ್ರೇಕ್ ಬಲವೂ ಇಲ್ಲವಾಗಿ, ಇಡೀ ಭಾರ ಲೈನಿಂಗ್ ಮೇಲೆ ಬೀಳುತ್ತಿತ್ತು. ಅವರು ಹೇಳಿದ ಮೇಲೆ ಮೇಲಿನ ಚಾರ್ಜರನ್ನು ಶೇಕಡ 80ಕ್ಕೆ ನಿಲ್ಲಿಸುವಂತೆ ಮಾಡಿದೆವು. ಮಳೆಯಲ್ಲಿ ಮತ್ತೊಂದು ತೊಡಕು: ಮೋಟಾರು ಹಿಡಿಯುವುದು ಅದಕ್ಕೆ ಜೋಡಿಸಿದ ಹಿಂದಿನ ಚಕ್ರಗಳನ್ನು ಮಾತ್ರ. ಜಾರುವ ಕೆಸರಿನಲ್ಲಿ ಆ ಹಿಡಿತ ಜೋರಾದರೆ ಗಾಡಿಯ ಬಾಲ ಅಡ್ಡ ತಿರುಗುತ್ತದೆ. ಅಂಥ ದಿನ ಮೋಟಾರಿನ ಹಿಡಿತ ತಗ್ಗಿಸಿ, ವೇಗವನ್ನೂ ತಗ್ಗಿಸಿ ಇಳಿಸುತ್ತೇವೆ. ಯೂನಿಟ್ ಎಷ್ಟು ಬಂತು ಎಂದು ಆವತ್ತು ಯಾರೂ ಕೇಳಬಾರದು.

ಹೊಸ ಗಾಡಿಗಳ ಮುಂದಿನ ಬೇಡಿಕೆಪತ್ರದಲ್ಲಿ ಎರಡು ಸಾಲು ಸೇರಿಸಿದ್ದೇನೆ: ಬ್ಯಾಟರಿ ತುಂಬಿದಾಗಲೂ ಹಿಡಿಯುವಂತೆ ರೆಸಿಸ್ಟರ್ ಗ್ರಿಡ್ ಇರಲಿ, ಗಾಡಿಗಳ ಜೊತೆ ಇನ್ನೊಂದು ಗ್ರೇಡರ್, ಒಂದು ರೋಲರ್ ಬರಲಿ. ಎರಡನೆಯ ಸಾಲಿಗೆ ಹಣ ಎಲ್ಲಿಂದ ಎಂದು ಪ್ರಶ್ನೆ ಬಂದಿದೆ. ಮಳೆಗಾಲದ ಟ್ರಿಪ್ಪಿಗೆ 14, ಬೇಸಿಗೆಯ ಟ್ರಿಪ್ಪಿಗೆ ಬರೀ 2, 3 ಯೂನಿಟ್ ಖೋತಾ ಎಂಬ ಈ ಲೆಕ್ಕದ ಹಾಳೆಯನ್ನೇ ಉತ್ತರವಾಗಿ ಲಗತ್ತಿಸಿದ್ದೇನೆ.