ಶಾಸನದ ಉಲ್ಲೇಖ ಹೇಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಸನಗಳ ಕುರಿತ ನಿಮ್ಮ ಲೇಖನ ‘ಆಕರ ಅಸ್ಪಷ್ಟ’ ಎಂದು ಪತ್ರಿಕೆಯಿಂದ ವಾಪಸು ಬಂದಿದ್ದಕ್ಕೆ ಬೇಸರಪಟ್ಟಿದ್ದೀರಿ. ನನ್ನ ಮಟ್ಟಿಗೆ ಸಂಪಾದಕರು ಕೇಳಿದ್ದು ನ್ಯಾಯವೇ. ‘ಎ.ಕ. 12’ (ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 12) ಎಂದಷ್ಟೇ ಬರೆದರೆ ಓದುಗ ಯಾವ ಪುಸ್ತಕ ತೆಗೆಯಬೇಕು? ಬಿ.ಎಲ್. ರೈಸ್ ಸಂಪಾದಿಸಿದ ತುಮಕೂರು ಜಿಲ್ಲೆಯ ಸಂಪುಟ 1904ರದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಹಾಗಾಗಿ ಸಂಪಾದಕರ ಹೆಸರು, ಆವೃತ್ತಿ, ವರ್ಷ, ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಎಲ್ಲವೂ ಇರಲಿ. ರೈಸ್ ಕಾಲಕ್ಕೆ ಕೊರಟಗೆರೆ ಮಧುಗಿರಿಗೆ ಸೇರಿದ ಉಪತಾಲ್ಲೂಕು. ಅಲ್ಲಿನ ಶಾಸನಗಳನ್ನು ‘ಮದ್ದಗಿರಿ’ ಭಾಗದಲ್ಲಿ ಹುಡುಕಿ. ಉಲ್ಲೇಖದಲ್ಲಿ ಆ ಹಳೆಯ ಹೆಸರನ್ನೇ ಉಳಿಸಿ, ಈಗಿನ ತಾಲ್ಲೂಕನ್ನು ಲೇಖನದೊಳಗೆ ಹೇಳಿ.

ಶಕವರ್ಷವನ್ನು ಶಾಸನದಲ್ಲಿದ್ದಂತೆ ಕೊಟ್ಟು ಪಕ್ಕದಲ್ಲಿ ಕ್ರಿ.ಶ. ಬರೆಯಿರಿ. ಸಾಮಾನ್ಯವಾಗಿ 78 ಕೂಡಿಸಿದರೆ ಸಾಕು, ಮಾಘ, ಫಾಲ್ಗುಣಕ್ಕೆ 79.

ಉಲ್ಲೇಖಪಟ್ಟಿಗೆ ಝೊಟೆರೊ ತಂತ್ರಾಂಶ ಬಳಸುತ್ತೀರಲ್ಲ, ಇನಿಶಿಯಲ್ ಇರುವ ನಮ್ಮವರ ಹೆಸರನ್ನು ಅದು ಕುಲನಾಮ ಹುಡುಕಿಕೊಂಡು ತಿರುವುಮುರುವು ಮಾಡೀತು (ಪಾಪ, ಅದಕ್ಕೇನು ಗೊತ್ತು!). ಪಟ್ಟಿಯನ್ನು ಕೊನೆಗೊಮ್ಮೆ ಕಣ್ಣಾರೆ ನೋಡಿ ತಿದ್ದಿ. ಅಲ್ಪವಿರಾಮ, ಓರೆ ಅಕ್ಷರದ ವಿಚಾರಕ್ಕೆ ಆ ಪತ್ರಿಕೆಯ ಇತ್ತೀಚಿನ ಸಂಚಿಕೆ ನೋಡಿದರಾಯಿತು.