ತನ್ನ ರಕ್ತ ತನಗೆ

ಬೂದಿಕೋಟೆಗೆ ಸಮೀಪದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಬಂಡೆಯನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಹಾಯಿಸಿ, ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಮಿಕ್ಕ ಪುಡಿಯಲ್ಲಿ ಅಡಗಿದ್ದುದನ್ನೂ ಬಿಡದೆ ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಿದ್ದರು. ಚಿನ್ನದ ವಿಷಯದಲ್ಲಿ ಇಷ್ಟು ಎಚ್ಚರವಾಗಿದ್ದ ಮನುಷ್ಯನು, ಶಸ್ತ್ರಚಿಕಿತ್ಸೆಯಲ್ಲಿ ಸುರಿಯುವ ರಕ್ತವನ್ನು ಮಾತ್ರ ಬಹುಕಾಲ ಬಟ್ಟೆಯಿಂದ ಒರೆಸಿ ಎಸೆಯುತ್ತಿದ್ದನು.

ಹಾಗೆಂದು ಯಾರೂ ಯೋಚಿಸಿರಲಿಲ್ಲವೆಂದಲ್ಲ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾನ್ ಡಂಕನ್, ಕಾಲು ಕತ್ತರಿಸಬೇಕಾಗಿ ಬಂದ ರೋಗಿಯ ರಕ್ತವನ್ನು ಸಂಗ್ರಹಿಸಿ ಅವನಿಗೇ ಮರಳಿ ಕೊಟ್ಟ ವರದಿಯನ್ನು 1886ರಲ್ಲಿ ಪ್ರಕಟಿಸಿದನು. ಮುಂದೆ ರಕ್ತದ ಗುಂಪುಗಳು ತಿಳಿದು, ರಕ್ತನಿಧಿಗಳು ಬೆಳೆದ ಮೇಲೆ ಈ ವಿಧಾನ ಹಿಂದೆ ಸರಿಯಿತು. 1970ರ ದಶಕದಲ್ಲಿ ಯಂತ್ರಗಳು ಬಂದು ಅದಕ್ಕೆ ಮರುಜೀವ ಕೊಟ್ಟವು.

ಈ ಯಂತ್ರದ ಕೆಲಸ ಸೊಗಸಾದುದು. ಗಾಯದಲ್ಲಿ ಮಡುಗಟ್ಟಿದ ರಕ್ತವನ್ನು ಒಂದು ನಳಿಕೆ ಹೀರುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಔಷಧ ನಳಿಕೆಯ ತುದಿಯಲ್ಲಿಯೇ ಅದಕ್ಕೆ ಬೆರೆಯುತ್ತದೆ. ರಕ್ತವು ಶೋಧಕದ ಮೂಲಕ ಸಾಗಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲನ್ನು ಸೇರುತ್ತದೆ. ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ಕಂಡವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ: ಭಾರವಾದ ಕೆಂಪು ಕಣಗಳು ಬಟ್ಟಲಿನ ಅಂಚಿಗೆ ಒತ್ತಿಕೊಳ್ಳುತ್ತವೆ; ಹಗುರವಾದ ದ್ರವ, ಒಡೆದ ಕಣಗಳ ಕಸ, ಬೆರೆಸಿದ ಔಷಧ ಹೊರಗೆ ಹೋಗುತ್ತವೆ. ಉಳಿದ ಕಣಗಳನ್ನು ಲವಣದ್ರಾವಣದಿಂದ ತೊಳೆದು ರೋಗಿಯ ರಕ್ತನಾಳಕ್ಕೆ ಮರಳಿಸುತ್ತಾರೆ. ಅವು ಅವನವೇ ಆದುದರಿಂದ ಗುಂಪು ಹೊಂದದೆಂಬ ಭಯವಿಲ್ಲ. ಆದರೂ ಚೀಲದ ಮೇಲೆ ಅವನ ಹೆಸರನ್ನು ಬರೆಯಲು ಮರೆಯುವಂತಿಲ್ಲ.

ಈ ಯಂತ್ರವು ಎಲ್ಲವನ್ನೂ ಉಳಿಸಿಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳೂ ಪ್ಲಾಸ್ಮಾ ದ್ರವವೂ ತೊಳೆಯುವಾಗ ಹೋಗಿಬಿಡುತ್ತವೆ. ರಕ್ತಸ್ರಾವ ಅತಿಯಾದರೆ ಅವುಗಳಿಗಾಗಿ ದಾನಿಗಳನ್ನೇ ನಂಬಬೇಕು. ಕರುಳು ಹರಿದು ಮಲ ಬೆರೆತಿದ್ದರೆ, ಕೀವು ಇದ್ದರೆ, ವೈದ್ಯರು ಸಾಮಾನ್ಯವಾಗಿ ಆ ರಕ್ತವನ್ನು ಬಳಸಲು ಹಿಂಜರಿಯುತ್ತಾರೆ. ಹೃದಯ ಮತ್ತು ದೊಡ್ಡ ರಕ್ತನಾಳಗಳ ಚಿಕಿತ್ಸೆಯಲ್ಲಿ ಇದರ ಉಪಯೋಗ ಹೆಚ್ಚು.

ಇದರ ಬೆಲೆಯನ್ನು ಚೆನ್ನಾಗಿ ಬಲ್ಲವರು ಅಪರೂಪದ ಗುಂಪಿನವರು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಅವರ ಸಂಗಡಿಗರು ಬೊಂಬಾಯಿಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನ ಜನ ಕರ್ನಾಟಕದಲ್ಲಿಯೂ ಇದ್ದಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಅವರ ರಕ್ತ ‘ಓ’ ಗುಂಪಿನದೆಂದೇ ತೋರುತ್ತದೆ. ಆದರೆ ‘ಓ’ ರಕ್ತ ಕೊಟ್ಟರೆ ಅವರ ಪ್ರಾಣಕ್ಕೇ ಅಪಾಯ. ತಮ್ಮ ಗುಂಪಿನ ದಾನಿ ದೂರದ ಊರಿನಿಂದ ಬರುವವರೆಗೆ, ತಿರುಗುವ ಆ ಬಟ್ಟಲಿನಲ್ಲಿ ಉಳಿದ ರಕ್ತವೇ ಅವರ ಕೈಗೆಟಕುವ ರಕ್ತ.