ಕೀಲಿಕೈ ಯಾರ ಹತ್ರ ಐತ್ರಿ?

ನಮ್ಮ ಕಡೆ ಪ್ರವಾಸವೆಂದರೆ ಎರಡೇ ಬಗೆ. ದೇವರ ಊರಿಗೆ ಹೋಗಿ ಮಠದ ಕೋಣೆಯಲ್ಲಿ ಉಳಿಯುವುದು, ಇಲ್ಲವೇ ಬೀಗರ ಮನೆಗೆ ಹೋಗಿ ಪಡಸಾಲೆಯಲ್ಲಿ ಚಾಪೆ ಹಾಸುವುದು. ರೊಕ್ಕ ಕೊಟ್ಟು ಮಂದಿಯ ಮನೆ ಹಿಡಿದು, ಅಲ್ಲಿ ಒಲೆ ಹಚ್ಚಿ ಅಡಿಗೆ ಮಾಡಿಕೊಂಡು, ಆಮೇಲೆ ಗಂಟುಮೂಟೆ ಕಾರಿಗೆ ಹೇರಿ ಇನ್ನೊಂದು ಬಾಡಿಗೆ ಮನೆಗೆ ಹೋಗುವುದು ನಮ್ಮವ್ವನಿಗೆ ಬಗೆಹರಿಯದ ಮಾತು. ಅದೂ ಎಲ್ಲಿ? ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ! “ನಮ್ಮೂರಾಗ ನಾವ ಬಾಡಿಗಿ ಕೊಡೂದೇನ?” ಎಂದು ಕೇಳಿದಳು. ಕೊಡಬೇಕು, ಏಕೆಂದರೆ ದೇವದುರ್ಗದ ಮನೆ ಮಾರಿಯಾಗಿದೆ. ಅವ್ವ ನನ್ನ ಜೊತೆ ಬೆಂಗಳೂರಿನಲ್ಲಿ, ತಮ್ಮ ಮಿಲಾನಿನಲ್ಲಿ.

ಯೋಚನೆ ತಮ್ಮನದೇ. ಉತ್ತರ ಇಟಲಿಯಲ್ಲಿ ಅವರು ರಜೆ ಕಳೆಯುವುದು ಹಾಗೆ: ಕೋಮೊ ಸರೋವರದ ಹತ್ತಿರ ಒಂದು ಮನೆ, ಅಲ್ಲಿಂದ ಗಾರ್ದಾ ಸರೋವರದ ಕಡೆ ಇನ್ನೊಂದು, ಮತ್ತೆ ವೆರೋನಾದ ಹೊರಗೆ ದ್ರಾಕ್ಷಿ ತೋಟದೊಳಗೆ ಒಬ್ಬ ರೈತರ ಮನೆ. ಹೀಗೆ ರೈತರು ತಮ್ಮ ಮನೆಯಲ್ಲಿ ಪ್ರವಾಸಿಗರನ್ನು ಇರಿಸಿಕೊಳ್ಳುವುದಕ್ಕೆ ಅಲ್ಲಿ ‘ಅಗ್ರಿತುರಿಸ್ಮೊ’ ಎನ್ನುತ್ತಾರೆ. 1985ರಲ್ಲೇ ಅದಕ್ಕೊಂದು ಕಾನೂನು ಬಂದಿದೆ. ಬೇಸಿಗೆ ರಜೆಯಲ್ಲಿ ಎಷ್ಟೋ ಮನೆಗಳು ಶನಿವಾರದಿಂದ ಶನಿವಾರಕ್ಕಷ್ಟೇ ಸಿಗುವುದು, ನಡುವೆ ಎರಡು ದಿನಕ್ಕೆ ಬೇಕೆಂದರೆ ಇಲ್ಲ. ಅಲ್ಲಿಯೂ ತಾಪತ್ರಯಗಳಿವೆ. ಹಳೆಯ ಪೇಟೆಯೊಳಗೆ ಪರವಾನಗಿ ಇಲ್ಲದ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ಪ್ರವಾಸ ಮರೆತುಹೋದ ಮೇಲೆ ದಂಡದ ಚೀಟಿ ಮನೆಗೆ ಬರುತ್ತದೆ. ಡಿಸೆಂಬರ್ ರಜೆಗೆ ಬರುವವನಿದ್ದ ತಮ್ಮ, “ಅಕ್ಕಾ, ಮಕ್ಕಳಿಗೆ ನಮ್ಮ ಸೀಮಿ ತೋರಿಸಬೇಕು, ಲಾಡ್ಜ್ ಬ್ಯಾಡ, ಮನೀನ ಹಿಡಿ” ಎಂದ. ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಮೊಬೈಲಿನ ಆ್ಯಪ್‌ಗಳಲ್ಲಿ ಹಂಪಿ, ಆನೆಗೊಂದಿಗೆ ಸಿಕ್ಕಷ್ಟು ಮನೆಗಳು ದೇವದುರ್ಗಕ್ಕೆ ಸಿಗುವುದಿಲ್ಲ. ಇಲ್ಲಿ ಕೆಲಸ ನಡೆಯುವುದು ಫೋನಿನಲ್ಲಿ, ಪರಿಚಯದಲ್ಲಿ. ಯಾರದೋ ಮಗ ಹೈದರಾಬಾದಿನಲ್ಲಿದ್ದಾನೆ, ಮಹಡಿ ಖಾಲಿ ಇದೆ. ಇನ್ಯಾರದೋ ಹೊಸ ಮನೆಗೆ ಬಾಡಿಗೆದಾರರು ಇನ್ನೂ ಬಂದಿಲ್ಲ. ಹಾಗೆ ಸಿಕ್ಕಿದ್ದು ದೇವದುರ್ಗದ ಒಬ್ಬ ನಿವೃತ್ತ ಮಾಸ್ತರರ ಮನೆಯ ಮೇಲಂತಸ್ತು. ನಾವು ಮುಟ್ಟಿದಾಗ ಬಾಗಿಲಿಗೆ ಕೀಲಿ. ಫೋನ್ ಮಾಡಿದರೆ ಮಾಸ್ತರರು ಮದುವೆಗೆ ಹೋಗಿದ್ದರು. “ಕೀಲಿಕೈ ಯಾರ ಹತ್ರ ಐತ್ರಿ ಸರ?” ಎಂದೆ. “ಮೂಲಿ ಕಿರಾಣಿ ಅಂಗಡ್ಯಾಗ ಐತ್ರಿ, ನನ್ನ ಹೆಸರು ಹೇಳ್ರಿ ಸಾಕು.” ಅಂಗಡಿಯವರು ಬೆಲ್ಲದ ಡಬ್ಬಿಯ ಹಿಂದಿನಿಂದ ಕೀಲಿಕೈ ತೆಗೆದುಕೊಟ್ಟು, ಜೊತೆಗೆ ಒಂದು ಪೊಟ್ಟಣ ಚುರುಮುರಿಯನ್ನೂ ಮಕ್ಕಳ ಕೈಗಿಟ್ಟರು. ಗುರುತಿನ ಚೀಟಿ ಕೇಳಲಿಲ್ಲ, ಅಡ್ವಾನ್ಸ್ ಮಾತೂ ಎತ್ತಲಿಲ್ಲ.

ಆ ಮನೆಯಲ್ಲಿ ಸೋಫಾ ಇರಲಿಲ್ಲ, ಫರ್ಸಿ ಹಾಸಿದ ತಣ್ಣನೆಯ ನೆಲ, ಎರಡು ಮಂಚ, ಗೋಡೆಗೆ ಒರಗಿಸಿಟ್ಟ ಗಾದಿಗಳು. ಗ್ಯಾಸ್ ಒಲೆ ಇತ್ತು. ಅದೊಂದೇ ಸಾಕಾಯಿತು. ಮುಂಜಾನೆ ಅವ್ವನಿಗೆ ಮಾತ್ರೆಗೆ ಮುಂಚೆ ಬಿಸಿನೀರು ಬೇಕು, ತಮ್ಮನ ಸಣ್ಣ ಮಗಳಿಗೆ ಖಾರವಿಲ್ಲದ ಅನ್ನ-ಬೇಳೆ ಬೇಕು. ಈ ಎರಡಕ್ಕೆ ಹೋಟೆಲಿನವರ ಮುಖ ನೋಡುವ ಹಾಗಿರಲಿಲ್ಲ. ಉಳಿದವರಿಗೆ ಪೇಟೆಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ. ಮಧ್ಯಾಹ್ನಕ್ಕೆ ಕೆಳಗಿನ ಮನೆಯ ಅಮ್ಮ ಮೆಟ್ಟಿಲ ಹತ್ತಿರ ನಿಂತು, “ಅಕ್ಕಾರ, ಎಷ್ಟ್ ಮಂದಿ ಉಣ್ತೀರಿ? ರೊಟ್ಟಿ ಬಡೀತೀನ್ರಿ” ಎಂದು ಕೂಗುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಇದರ ಲೆಕ್ಕ ಬಾಡಿಗೆಯಲ್ಲಿ ಸೇರಿತ್ತೋ ಇಲ್ಲವೋ ಕೊನೆಯವರೆಗೂ ಅವರು ಹೇಳಲಿಲ್ಲ. ಹೊರಡುವಾಗ ಅವ್ವ ಖಣ ಕೊಟ್ಟು ಸರಿದೂಗಿಸಿದಳು.

ರಾಯಚೂರು ನಗರದಲ್ಲಿ ಕಥೆ ಬೇರೆ. ಮೊದಲು ಗೊತ್ತು ಮಾಡಿದ್ದ ಒಂದು ವಸತಿಯವರು ತಮ್ಮನ ಮಕ್ಕಳ ಇಟಲಿ ಪಾಸ್‌ಪೋರ್ಟ್ ನೋಡಿದ್ದೇ ಹಿಂದೆ ಸರಿದರು. ಹೊರದೇಶದ ಪಾಸ್‌ಪೋರ್ಟಿನವರು ತಂಗಿದರೆ ಮಾಲೀಕರು 24 ಗಂಟೆಯೊಳಗೆ ಅವರ ವಿವರಗಳ ಅರ್ಜಿಯನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಲಾಡ್ಜಿಗಷ್ಟೇ ಅಲ್ಲ, ಮನೆ ಕೊಟ್ಟವರಿಗೂ ಇದು ಅನ್ವಯ. ದೊಡ್ಡ ಹೋಟೆಲುಗಳಿಗೆ ಇದು ನಿತ್ಯದ ಕೆಲಸ, ಸಣ್ಣವರಿಗೆ ತಲೆನೋವು. ವಿದೇಶದಿಂದ ಬರುವ ಮಕ್ಕಳು, ಮೊಮ್ಮಕ್ಕಳನ್ನು ಕರೆದುಕೊಂಡು ತಿರುಗುವವರು ಈ ಮಾತನ್ನು ಮುಂಚೆಯೇ ಫೋನಿನಲ್ಲಿ ಆಡಿ ಮುಗಿಸಬೇಕು. ರಾತ್ರಿ ಒಂಬತ್ತಕ್ಕೆ ಸೂಟ್‌ಕೇಸು ಹಿಡಿದು ಕೌಂಟರಿನ ಮುಂದೆ ಆಡುವ ಮಾತಲ್ಲ. ದೇವದುರ್ಗದ ಮಾಸ್ತರರು ಈ ಅರ್ಜಿಯನ್ನು ತಮ್ಮ ವಿದ್ಯಾರ್ಥಿಯೊಬ್ಬನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ತಾವೇ ತುಂಬಿಸಿದರು, ಆ ಮಾತು ಬೇರೆ.

ರಾಯಚೂರಿನ ಕೋಟೆಯಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಯುದ್ಧದ ಕಥೆಯಲ್ಲ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗಾಗಿ ಆದಿಲ್‌ಶಾಹಿಯ ಮೇಲೆ ಬಂದದ್ದನ್ನು ನಾನು ಕೈ ಬೀಸಿ ಹೇಳಿದರೂ ಅವರ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಮೀರಿದ ಒಂದೇ ಕಲ್ಲು ಇದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನೂ ಪಕ್ಕದಲ್ಲೇ ಕೊರೆದಿದ್ದಾರೆ. “ಅತ್ತಿ, ಇದು ವಿಡಿಯೋ ಇದ್ದಂಗ ಐತಲ್ಲ” ಎಂದ ದೊಡ್ಡವನು. ಅವನ ಕನ್ನಡಕ್ಕೆ ನಾನು ಒಳಗೊಳಗೇ ಖುಷಿಪಟ್ಟೆ. ಅಂದು ರಾತ್ರಿ ಕರೆಂಟ್ ಹೋಗಿ, 1720 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇರುವ ತಾಲ್ಲೂಕಿನಲ್ಲೇ ಮೇಣದಬತ್ತಿ ಹುಡುಕಿದೆವು.

ಗೂಗಲ್ ಎಂಬ ಊರಿಗೆ ಹೋದದ್ದು ದೇವದುರ್ಗದ ಮನೆಯಿಂದ. ಫೋನಿನ ನಕ್ಷೆಯಲ್ಲಿ ಬರೀ ‘ಗೂಗಲ್’ ಎಂದು ಹೊಡೆದರೆ ಅದು ತನ್ನನ್ನೇ ತಾನು ಹುಡುಕಿಕೊಳ್ಳುತ್ತದೆ, ದೇವದುರ್ಗ ತಾಲ್ಲೂಕು ಎಂದೂ ಸೇರಿಸಬೇಕು. ಅದಕ್ಕಿಂತ ದಾರಿಯಲ್ಲಿ ಹತ್ತಿ ಬಿಡಿಸುವವರನ್ನು ಕೇಳುವುದು ಸಲೀಸು. ಊರಲ್ಲಿ ಕೃಷ್ಣೆಯ ದಂಡೆಗೆ ಅಲ್ಲಮಪ್ರಭುವಿನ ಗುಡಿ. ನದಿಗೆ ಅಡ್ಡಲಾಗಿ ಸೇತುವೆಯೂ ಆಗಿರುವ ಬ್ಯಾರೇಜು. ಆಚೆ ದಂಡೆ ಯಾದಗಿರಿ ಜಿಲ್ಲೆ. ಬ್ಯಾರೇಜಿನ ಮೇಲೆ ನಿಂತರೆ ಒಂದು ಕಡೆ ತುಂಬಿ ನಿಂತ ನೀರು, ಇನ್ನೊಂದು ಕಡೆ ಬಂಡೆಗಲ್ಲು. ಮಕ್ಕಳು ನೀರಿಗಿಳಿಯಲು ಹಟ ಹಿಡಿದರು. ಮೀನು ಹಿಡಿಯುತ್ತಿದ್ದವರೊಬ್ಬರು ತಲೆಯೆತ್ತದೆಯೇ “ಮೊಸಳಿ ಅದಾವ ನೋಡ್ರಿ” ಎಂದರು. ಅಷ್ಟೇ, ಹಟ ಮುಗಿಯಿತು. ರಾಯಚೂರು ಜಿಲ್ಲೆಯುದ್ದಕ್ಕೂ ಕೃಷ್ಣೆಯಲ್ಲಿ ಮೊಸಳೆಗಳಿರುವುದು ಸುಳ್ಳಲ್ಲ, ನದಿಗೆ ಹೋದವರನ್ನು ಎಳೆದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ.

ನಾವು ಹೋದದ್ದು ಡಿಸೆಂಬರಿನಲ್ಲಾದ್ದರಿಂದ ಈ ದಾರಿಗಳು ಸುಗಮವಾಗಿದ್ದವು. ಜುಲೈ, ಆಗಸ್ಟಿನಲ್ಲಿ ಹೊರಡುವವರು ನಾರಾಯಣಪುರ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಮುಂಜಾನೆ ಪೇಪರಿನಲ್ಲಿ ನೋಡಬೇಕು. 2019ರ ಪ್ರವಾಹದಲ್ಲಿ ದೇವದುರ್ಗದಿಂದ ಶಹಾಪುರದ ಕಡೆ ಹೋಗುವ ಹೂವಿನಹೆಡಗಿ ಸೇತುವೆ ಮುಳುಗಿಹೋಗಿತ್ತು. ಅಂಥ ದಿನ ಒಂದು ದಂಡೆಯಲ್ಲಿ ಮನೆ ಹಿಡಿದು ಇನ್ನೊಂದು ದಂಡೆಯಲ್ಲಿ ಸಿಕ್ಕಿಬಿದ್ದರೆ ಬಾಡಿಗೆ ಇಲ್ಲಿ, ಊಟ ಅಲ್ಲಿ. ನದಿಯ ನಡುವಿನ ಕುರುವಗಡ್ಡೆಗೆ ಹರಗೋಲೂ ಹಾಕುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಾತೇ ಬೇಡ. ರಾಯಚೂರಿನ ಬಿಸಿಲು ಗೊತ್ತಿದ್ದವರು ಆಗ ಪ್ರವಾಸ ಹಾಕಿಕೊಳ್ಳುವುದಿಲ್ಲ.

ಮಾನ್ವಿಯಲ್ಲಿ ಮನೆ ಸಿಗಲಿಲ್ಲ, ಕೋಣೆ ಹಿಡಿದೆವು. ಎಸಿ ಇತ್ತು, ಟಿವಿ ಇತ್ತು, ಆದರೆ ಕಮೋಡ್ ಇರಲಿಲ್ಲ. ಮೊಣಕಾಲು ನೋವಿನ ಅವ್ವನಿಗೆ ಪಕ್ಕದ ಓಣಿಯ ಪರಿಚಯದವರ ಮನೆಗೆ ಓಡಾಟ. ವಯಸ್ಸಾದವರಿದ್ದರೆ ಕೋಣೆ ಗೊತ್ತು ಮಾಡುವ ಮುನ್ನ ಬಚ್ಚಲುಮನೆಯ ಫೋಟೋ ತರಿಸಿಕೊಳ್ಳಿ. ಮಂಚದ ಫೋಟೋ ಎಲ್ಲರೂ ಕಳಿಸುತ್ತಾರೆ. ಅವ್ವ ಗೊಣಗಲಿಲ್ಲ. ಜಗನ್ನಾಥದಾಸರು ಇದ್ದ ಊರು, ಅವರ ಸ್ತಂಭದ ದರ್ಶನವಾಯಿತಲ್ಲ ಎಂದಳು. ಮರುದಿನ ವಿಜಯದಾಸರು ಹುಟ್ಟಿದ ಚೀಕಲಪರ್ವಿಗೂ ಹೋಗಿ ತುಂಗಭದ್ರೆಗೆ ಕೈಮುಗಿದು ಬಂದೆವು. ಒಂದು ನದಿಯ ದಂಡೆಗೆ ಅಲ್ಲಮ, ಇನ್ನೊಂದರ ದಂಡೆಗೆ ದಾಸರು, ನಡುವೆ ಒಂದು ತಾಸೆರಡು ತಾಸಿನ ದಾರಿ. ಇಷ್ಟು ಹತ್ತಿರವಿದ್ದೂ ಇವೆರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದವರು ನನ್ನ ಬಳಗದಲ್ಲಿ ಇಲ್ಲ.

ಮನೆ ಬದಲಿಸುವ ದಿನ ಇನ್ನೇನೂ ನೋಡಲಾಗುವುದಿಲ್ಲ ಎಂಬುದು ತಮ್ಮನ ಇಟಲಿಯ ಪಾಠ. ಇಲ್ಲಿ ಅದು ಇನ್ನೂ ನಿಜ. ಮುಂಜಾನೆ ಪಾತ್ರೆ ತೊಳೆದು, ಗಾದಿ ಮಡಚಿ, ಮಕ್ಕಳ ಒದ್ದೆ ಬಟ್ಟೆ ಕಟ್ಟಿ ಹೊರಡುವಷ್ಟರಲ್ಲಿ ಹನ್ನೊಂದು. ಮಾನ್ವಿ, ಸಿಂಧನೂರಿನ ಕಡೆ ಹೊಸ ಭತ್ತವನ್ನು ರಸ್ತೆಯ ಅರ್ಧಕ್ಕೆ ಹರವಿರುತ್ತಾರೆ, ಹತ್ತಿ ಹೇರಿದ ಲಾರಿಗಳು ಉಳಿದ ಅರ್ಧ ಹಿಡಿದಿರುತ್ತವೆ. ದಾರಿ ಬದಲಿಸಿ ಮಸ್ಕಿಯ ಅಶೋಕ ಶಾಸನ ನೋಡಿ ಆನೆಗೊಂದಿ ಸೇರುತ್ತೇವೆಂದು ಬರೆದುಕೊಂಡಿದ್ದೆವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಆ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಸಿಕ್ಕಿದ್ದರಿಂದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದು ಇತ್ಯರ್ಥವಾಯಿತು. ಅಂಥ ಜಾಗಕ್ಕೆ ಮುಟ್ಟಿದಾಗ ಸಂಜೆ, ಮಕ್ಕಳು ನಿದ್ದೆಯಲ್ಲಿ. ನೋಡುವುದನ್ನು ಸರಿಯಾಗಿ ನೋಡಬೇಕಿದ್ದರೆ ದೇವದುರ್ಗವೋ ರಾಯಚೂರೋ ಒಂದು ಕಡೆ ಮನೆ ಹಿಡಿದು ಅಲ್ಲಿಂದಲೇ ಸುತ್ತಾಡಿ ಬರುವುದು ಲೇಸು. ಗಬ್ಬೂರಿನ ಹಳೆಯ ಗುಡಿಗಳಾಗಲಿ, ಗೂಗಲ್ ಆಗಲಿ, ಮಾನ್ವಿಯಾಗಲಿ ಯಾವುದೂ ಹೋಗಿ ಬರಲಾಗದಷ್ಟು ದೂರವಿಲ್ಲ.

ನೀರಿನ ವಿಷಯ ಮರೆಯಬೇಡಿ. ಈ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಕೆಲವು ಊರುಗಳಲ್ಲಿ ಆರ್ಸೆನಿಕ್ ಕೂಡ. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕಗಳು ಹಳ್ಳಿಹಳ್ಳಿಗೂ ಇವೆ. ಕಾರಿನಲ್ಲಿ ಒಂದು ಖಾಲಿ ಕ್ಯಾನ್ ಇರಲಿ, ಕಿಸೆಯಲ್ಲಿ ಚಿಲ್ಲರೆ ಇರಲಿ.

ದೇವದುರ್ಗ, ಮಾನ್ವಿಯಲ್ಲಿ ಮಕ್ಕಳೆಲ್ಲ ಬೆಂಗಳೂರು, ಹೈದರಾಬಾದ್ ಸೇರಿ ಕೀಲಿ ಹಾಕಿದ ಮನೆಗಳು ಓಣಿಗೆರಡು ಸಿಗುತ್ತವೆ. ಹೋಂಸ್ಟೇ ಎಂದು ನೋಂದಾಯಿಸಿಕೊಳ್ಳಲು ಪ್ರವಾಸೋದ್ಯಮ ಇಲಾಖೆಯಲ್ಲಿ ವ್ಯವಸ್ಥೆ ಇದೆ. ಎರಡು ಕೋಣೆ, ಒಂದು ಒಲೆ, ಒಂದು ಕಮೋಡ್ ಇಷ್ಟಿದ್ದರೆ ನಮ್ಮಂಥವರು ಬರುತ್ತೇವೆ. ಮನೆ ಇದ್ದವರು ದಯವಿಟ್ಟು ಮನಸ್ಸು ಮಾಡಿ.